ಪದವೀಧರ ಶಿಶಿಕ್ಷುಗಳು: ಅಂಕದೊಡನೆ ಸೇವೆಯನ್ನೂ ಗಮನಿಸಿ

ಉತ್ತಮ ಅಂಕ ಗಳಿಸಿದ ಪದವೀಧರರು ಕೆಲಸಕ್ಕೆ ಒಗ್ಗುವರೇ ಎಂಬುದು ಸಂದರ್ಶನದಲ್ಲಿ ತಿಳಿಯದು. ನೇಮಕ ತಪ್ಪಿದರೆ ಉದ್ದಿಮೆದಾರರಿಗೆ ನಷ್ಟ. ಅನುಭವವಿಲ್ಲವೆಂದು ಬಾಗಿಲು ಮುಚ್ಚಿದರೆ ವಿದ್ಯಾರ್ಥಿಗಳಿಗೆ ನಷ್ಟ. ಇವೆರಡನ್ನೂ ತಪ್ಪಿಸುವ ಮಾರ್ಗ 1961ರ ಶಿಶಿಕ್ಷು (ಅಪ್ರೆಂಟಿಸ್) ಅಧಿನಿಯಮದಲ್ಲಿದೆ.

ಗುತ್ತಿಗೆಯವರೂ ಸೇರಿ 30 ಅಥವಾ ಹೆಚ್ಚು ಮಂದಿಯುಳ್ಳ ಸಂಸ್ಥೆಯು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಮಂದಿಯಿದ್ದಲ್ಲಿ ಐಚ್ಛಿಕ. ಉದಾಹರಣೆಗೆ, 40 ಸಿಬ್ಬಂದಿಗೆ 1ರಿಂದ 6 ಶಿಶಿಕ್ಷುಗಳು. ರಾಷ್ಟ್ರೀಯ ಶಿಶಿಕ್ಷು ತರಬೇತಿ ಯೋಜನೆಯಡಿ ಪದವೀಧರರ ಕನಿಷ್ಠ ಶಿಷ್ಯವೇತನದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಕಾಯಿದೆಯ ದೃಷ್ಟಿಯಲ್ಲಿ ಶಿಶಿಕ್ಷುಗಳು ಕಾರ್ಮಿಕರಲ್ಲ, ತರಬೇತಿದಾರರು. ಆದರೆ ಒಪ್ಪಂದದ ನೋಂದಣಿ ಅಗತ್ಯ. ತರಬೇತಿಯಲ್ಲಿ ಗಾಯವಾದರೆ ಪರಿಹಾರವು ಮಾಲೀಕರ ಹೊಣೆ.

ಆಯ್ಕೆಯಲ್ಲಿ ಸಮಾಜಸೇವೆಯನ್ನೂ ಪರಿಗಣಿಸುವುದು ಲೇಸು. 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು 2 ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು. 7 ದಿನಗಳ ವಿಶೇಷ ಶಿಬಿರವೂ ಇರುತ್ತದೆ. ಶಿಬಿರದ ದಿನಸಿ ಖರೀದಿ, ಖರ್ಚಿನ ಲೆಕ್ಕ, ಹತ್ತು ಜನರೊಡನೆ ಹೊಂದಿ ದುಡಿಯುವುದು — ಉಗ್ರಾಣಕ್ಕೂ ಮಾರಾಟ ವಿಭಾಗಕ್ಕೂ ಬೇಕಾದ ಗುಣಗಳು ಇವೇ. ಒಲವನ್ನು ಕೇಳಿ ತಕ್ಕ ವಿಭಾಗದಲ್ಲಿ ತೊಡಗಿಸಿದರೆ ತರಬೇತಿಯ ಅವಧಿ ಇಬ್ಬರಿಗೂ ಸಾರ್ಥಕವಾದೀತು.