ಕಟ್ಟುವ ಕಾಸು, ಕಾಯುವ ಕಾಸು

ತುಂಗಭದ್ರಾ ಜಲಾಶಯಕ್ಕೆ 33 ಕ್ರಸ್ಟ್ ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಯಿತು. 60 ಅಡಿ ಅಗಲ, 20 ಅಡಿ ಎತ್ತರದ ಉಕ್ಕಿನ ಬಾಗಿಲು ಹೊಳೆಯ ಪಾಲಾಯಿತು. ಅಣೆಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ, ಬೆಳೆಗೆಂದು ಕೂಡಿಟ್ಟ ಹತ್ತಾರು ಟಿಎಂಸಿ ಅಡಿ ನೀರನ್ನು ಹೊಳೆಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸಿ ವಾರದ ಹೊತ್ತಿಗೆ ಕಿಂಡಿ ಮುಚ್ಚಿದರು. ಆಮೇಲೆ ಮಳೆ ಕೈಹಿಡಿಯಿತು, ಆ ವರ್ಷದ ಬೆಳೆ ಉಳಿಯಿತು.

ಸರಪಳಿಯ ಲೆಕ್ಕ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಏಳು ದಶಕ ಸವೆದ ಗೇಟುಗಳನ್ನೆಲ್ಲ ಬದಲಿಸಬೇಕೆಂದಾಯಿತು. 2025ರ ಮುಂಗಾರಿನಲ್ಲಿ 80 ಟಿಎಂಸಿ ಅಡಿಯಷ್ಟೇ ನೀರು ನಿಲ್ಲಿಸಿದರು; ಗೇಟು ಕೂರಿಸಲೆಂದು ಎರಡನೇ ಬೆಳೆಯ ನೀರನ್ನೂ ತಡೆದರು. ಗಂಗಾವತಿ, ಸಿಂಧನೂರಿನ ಕಡೆ ಎರಡನೇ ಬೆಳೆ ತಪ್ಪಿದರೆ ಗದ್ದೆಯವನೊಬ್ಬನೇ ಕೈಕಟ್ಟಿ ಕೂರುವುದಿಲ್ಲ. ನಾಟಿಗೆ ಹೋಗುವ ಹೆಂಗಸರ ಕೂಲಿ, ರೈಸ್‌ಮಿಲ್ಲಿನ ಹಮಾಲರ ದುಡಿಮೆ, ಗೊಬ್ಬರದಂಗಡಿಯ ಉದ್ರಿ ವಸೂಲಿ ಎಲ್ಲಕ್ಕೂ ಪೆಟ್ಟು.

ಗೇಟಿನದು ಒಂದೇ ರಾತ್ರಿಯ ಸುದ್ದಿ. ಹೂಳಿನದು ಹಾಗಲ್ಲ, ಅದು ಸದ್ದಿಲ್ಲದೆ ನುಂಗುತ್ತದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು 105ರ ಆಸುಪಾಸು. ಕಳೆದುಹೋದ ನೀರಿಗೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿ ಬಳಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವ ವರ್ಷಗಳಿಂದ ಚರ್ಚೆಯಲ್ಲಿದೆ. ಇತ್ತ ಕಾಲುವೆಯ ಕೊನೇ ಭಾಗದ ರೈತರದು ಪ್ರತಿ ಹಂಗಾಮಿನಲ್ಲೂ ಅದೇ ದೂರು: ಕಾಲುವೆಗೆ ನೀರು ಬಿಟ್ಟ ಸುದ್ದಿ ಬರುತ್ತದೆ, ನೀರು ಬರುವುದಿಲ್ಲ.

ಹೊಸ ಯೋಜನೆಗೆ ಶಂಕುಸ್ಥಾಪನೆಯಿದೆ, ಫಲಕದ ಮೇಲೆ ಹೆಸರುಗಳಿವೆ. ಸರಪಳಿಗೆ ಗ್ರೀಸ್ ಹಚ್ಚಿದ್ದಕ್ಕೆ, ತೂಬಿನ ಹಲಗೆ ಬದಲಿಸಿದ್ದಕ್ಕೆ ಯಾರೂ ಫಲಕ ನೆಡುವುದಿಲ್ಲ. ಅದಕ್ಕೇ ಕಟ್ಟಲು ಸಿಕ್ಕ ಹಣ ಕಾಯಲು ಸಿಗುವುದಿಲ್ಲ. ಇದೇ ಜಲಾಶಯದ ಪಕ್ಕದ ಹೊಸಪೇಟೆಯ ಸುತ್ತ ವಿಜಯನಗರ ಕಾಲದ ರಾಯ, ಬಸವ ಕಾಲುವೆಗಳು ಇಂದಿಗೂ ಬಾಳೆ, ಕಬ್ಬಿಗೆ ನೀರು ಹರಿಸುತ್ತಿವೆ. ಕಟ್ಟಿದ ಅರಸರಷ್ಟೇ ಅವನ್ನು ಉಳಿಸಲಿಲ್ಲ. ಹೂಳೆತ್ತಿ, ಏರಿ ಕಟ್ಟಿ ನೋಡಿಕೊಂಡು ಬಂದ ತಲೆಮಾರುಗಳ ಕೈಯೂ ಅದರಲ್ಲಿದೆ.

ಮುಂದಿನ ಬಜೆಟ್ ದಿನ ಹೊಸ ನೀರಾವರಿ ಯೋಜನೆಗಳ ಪಟ್ಟಿ ಓದಿ ಮುಗಿಸಿದ ಮೇಲೆ, ಹಳೆಯವುಗಳ ದುರಸ್ತಿಗೆ ಎಷ್ಟಿಟ್ಟಿದ್ದಾರೆ ಎಂಬ ಸಾಲನ್ನೂ ಹುಡುಕಿ ನೋಡಿ. ನಮ್ಮ ಅನ್ನ ಆ ಸಾಲಿನಲ್ಲಿದೆ.