ಪ್ರಾಯೋಗಿಕ ಆಶುಸಂಗೀತದ ಗೃಹ ಧ್ವನಿಮುದ್ರಣ

ಪ್ರಾಯೋಗಿಕ ಆಶುಸಂಗೀತದ ಗೃಹ ಧ್ವನಿಮುದ್ರಣ ಎಂದರೆ ಮುಂಚಿತವಾಗಿ ರಚಿಸದೆ, ನುಡಿಸುವ ಹೊತ್ತಿನಲ್ಲಿಯೇ ಹುಟ್ಟುವ ಸಂಗೀತವನ್ನು ವೃತ್ತಿಪರ ಸ್ಟುಡಿಯೋದ ನೆರವಿಲ್ಲದೆ, ಮನೆಯಲ್ಲಿಯೇ ಸರಳ ಉಪಕರಣಗಳಿಂದ ಮುದ್ರಿಸಿಕೊಳ್ಳುವ ಪದ್ಧತಿ. ಕರ್ನಾಟಕ ಸಂಗೀತದ ರಾಗಾಲಾಪನೆ ಮತ್ತು ಕಲ್ಪನಾಸ್ವರಗಳೂ ಆಶುವಾಗಿಯೇ ಹುಟ್ಟುತ್ತವೆ. ಆದರೆ ಅವು ರಾಗ, ತಾಳಗಳ ಚೌಕಟ್ಟಿನೊಳಗೆ ವಿಸ್ತರಿಸುವ ಮನೋಧರ್ಮ. ಈ ಲೇಖನದ ವಿಷಯವಾದ ಸಂಗೀತವು 20ನೆಯ ಶತಮಾನದ ಯುರೋಪ್ ಮತ್ತು ಅಮೆರಿಕಗಳಲ್ಲಿ ಬೆಳೆದದ್ದು. ಅದು ಅಂಥ ಚೌಕಟ್ಟನ್ನು ಬಹುಮಟ್ಟಿಗೆ ಬಿಟ್ಟು, ಗೀಚು, ಗುಂಯ್‌ಗುಟ್ಟುವಿಕೆ, ಮೌನ ಮೊದಲಾದ ಎಲ್ಲ ಬಗೆಯ ಶಬ್ದವನ್ನೂ ಸಂಗೀತದ ಸಾಮಗ್ರಿಯಾಗಿ ಸ್ವೀಕರಿಸುತ್ತದೆ. ಒಬ್ಬರೇ ನುಡಿಸುವ ಮನೆಯಲ್ಲಿ ಧ್ವನಿಮುದ್ರಣ ಯಂತ್ರವೇ ಮೊದಲ ಶ್ರೋತೃ. ಬಹಳ ಸಲ ಅದೇ ಒಂದು ವಾದ್ಯವೂ ಹೌದು.

ಹಿನ್ನೆಲೆ

ಮುದ್ರಿತ ಶಬ್ದಗಳಿಂದಲೇ ಸಂಗೀತ ಕಟ್ಟುವ ಕೆಲಸವನ್ನು ಪಿಯರ್ ಶೆಫರ್ 1948ರಲ್ಲಿ ಫ್ರಾನ್ಸಿನ ರೇಡಿಯೋ ಸಂಸ್ಥೆಯಲ್ಲಿ ಆರಂಭಿಸಿದರು. ಆಗ ಅಂಥ ಯಂತ್ರಗಳು ಬಾನುಲಿ ಕೇಂದ್ರಗಳಲ್ಲಿ ಮಾತ್ರ ಸುಲಭವಾಗಿ ಸಿಗುತ್ತಿದ್ದವು. 1950ರ ದಶಕದಲ್ಲಿ ಟೇಪ್ ರೆಕಾರ್ಡರ್ ಮನೆಬಳಕೆಗೆ ಬಂದ ಮೇಲೆ ಈ ಸ್ಥಿತಿ ಬದಲಾಯಿತು.

ಅಮೆರಿಕದ ಸಂಗೀತಗಾರ್ತಿ ಪಾಲಿನ್ ಒಲಿವೆರೊಸ್ ಅವರಿಗೆ 1953ರಲ್ಲಿ ತಾಯಿಯಿಂದ ಒಂದು ಟೇಪ್ ರೆಕಾರ್ಡರ್ ಉಡುಗೊರೆಯಾಗಿ ದೊರೆಯಿತು. ಸ್ಯಾನ್ ಫ್ರಾನ್ಸಿಸ್ಕೋದ ತಮ್ಮ ಮನೆಯ ಕಿಟಕಿಯಲ್ಲಿ ಮೈಕನ್ನಿಟ್ಟು ಮುದ್ರಿಸಿ ಕೇಳಿದಾಗ, ತಾವು ಅಲ್ಲಿಯೇ ಕುಳಿತಿದ್ದರೂ ಗಮನಿಸದೆ ಹೋದ ಶಬ್ದಗಳು ಟೇಪಿನಲ್ಲಿರುವುದು ಅವರಿಗೆ ತಿಳಿಯಿತು. ಮುಂದೆ ಅವರು 'ಡೀಪ್ ಲಿಸನಿಂಗ್' ಎಂಬ ಹೆಸರಿನಲ್ಲಿ ಬೆಳೆಸಿದ ಆಲಿಸುವಿಕೆಯ ಅಭ್ಯಾಸಕ್ಕೆ ಇಂಥ ಅನುಭವಗಳೇ ತಳಹದಿ. 1957ರಲ್ಲಿ ಅವರು ಟೆರಿ ರೈಲಿ ಮತ್ತು ಲೋರೆನ್ ರಶ್ ಅವರೊಡನೆ ಆಶುವಾಗಿ ನುಡಿಸಿ ಮುದ್ರಿಸತೊಡಗಿದರು. ಮೊದಲೇ ಚರ್ಚಿಸಿ ನುಡಿಸಿದರೆ ಸಂಗೀತ ಸಪ್ಪೆಯಾಗುತ್ತದೆ, ಮೊದಲು ನುಡಿಸಿ, ಮುದ್ರಣವನ್ನು ಕೇಳಿ, ಆಮೇಲೆ ಮಾತನಾಡುವುದೇ ಮೇಲು ಎಂಬುದು ಆ ಗುಂಪು ಕಂಡುಕೊಂಡ ಪಾಠ. 'ಟೈಮ್ ಪರ್ಸ್ಪೆಕ್ಟಿವ್ಸ್' ಎಂಬ ಕೃತಿಯನ್ನು ಒಲಿವೆರೊಸ್ ಮನೆಯಲ್ಲಿಯೇ ಸಿದ್ಧಪಡಿಸಿದರು. ಅನುರಣನಕ್ಕೆ ಸ್ನಾನದ ತೊಟ್ಟಿ, ಶಬ್ದ ಸೋಸಲು ಮೈಕಿಗೆ ತೊಡಿಸಿದ ರಟ್ಟಿನ ಕೊಳವೆಗಳು: ದುಬಾರಿ ಸ್ಟುಡಿಯೋ ಸಲಕರಣೆಗಳ ಕೆಲಸವನ್ನು ಮನೆಯ ವಸ್ತುಗಳೇ ಮಾಡಿದವು.

ಲಂಡನ್ನಿನಲ್ಲಿ ಬ್ರಯಾನ್ ಈನೋ ಮತ್ತು ಗಿಟಾರ್ ವಾದಕ ರಾಬರ್ಟ್ ಫ್ರಿಪ್ 1972ರಲ್ಲಿ ಈನೋ ಅವರ ಮನೆಯ ಸ್ಟುಡಿಯೋದಲ್ಲಿ ಎರಡು ರೆವಾಕ್ಸ್ ಟೇಪ್ ಯಂತ್ರಗಳನ್ನು ಜೋಡಿಸಿ ನುಡಿಸಿದರು. ಒಂದು ಯಂತ್ರ ಮುದ್ರಿಸಿದ ಟೇಪು ಹಾಗೆಯೇ ಮುಂದೆ ಸಾಗಿ ಇನ್ನೊಂದು ಯಂತ್ರದಲ್ಲಿ ನುಡಿಯುತ್ತದೆ. ಆ ನಾದ ಮತ್ತೆ ಮೊದಲನೆಯದಕ್ಕೆ ಮರಳುತ್ತದೆ. ತಡವಾಗುವ ಕಾಲವನ್ನು ಯಂತ್ರಗಳ ನಡುವಿನ ಅಂತರವೇ ನಿರ್ಧರಿಸುತ್ತದೆ. ಸೆಕೆಂಡಿಗೆ 19 ಸೆಂಟಿಮೀಟರ್ ವೇಗದ ಟೇಪಿನಲ್ಲಿ ಒಂದು ಮೀಟರ್ ಅಂತರವೆಂದರೆ ಸುಮಾರು ಐದೂಕಾಲು ಸೆಕೆಂಡು. ಈ ಪ್ರಯೋಗದ ಫಲವಾದ 'ನೋ ಪುಸಿಫುಟಿಂಗ್' 1973ರಲ್ಲಿ ಬಿಡುಗಡೆಯಾಯಿತು.

ಫಿಲಿಪ್ಸ್ ಕಂಪನಿಯ ಕ್ಯಾಸೆಟ್ 1963ರಲ್ಲಿಯೇ ಬಂದಿತ್ತಾದರೂ, ಅದರ ಮೇಲೆ ನಾಲ್ಕು ಟ್ರ್ಯಾಕ್‌ಗಳನ್ನು ಬೇರೆಬೇರೆಯಾಗಿ ಮುದ್ರಿಸಿ ಬೆರೆಸುವ ಅನುಕೂಲ ಒದಗಿದ್ದು 1979ರ ಟ್ಯಾಸ್ಕಾಮ್ ಪೋರ್ಟಾಸ್ಟುಡಿಯೋ 144ರಿಂದ. ಸಾಧಾರಣ ಕ್ಯಾಸೆಟ್ಟಿನ ಎರಡೂ ಬದಿಗಳ ನಾಲ್ಕು ಪಟ್ಟಿಗಳನ್ನು ಅದು ಒಂದೇ ದಿಕ್ಕಿನಲ್ಲಿ, ಎರಡರಷ್ಟು ವೇಗದಲ್ಲಿ ಬಳಸುತ್ತಿತ್ತು. ಹಾಗಾಗಿ 60 ನಿಮಿಷಗಳ ಕ್ಯಾಸೆಟ್ಟಿಗೆ 15 ನಿಮಿಷಗಳ ಸಂಗೀತ ಮಾತ್ರ. ಅದನ್ನು ಮಾಮೂಲು ಟೇಪ್ ರೆಕಾರ್ಡರಿಗೆ ಹಾಕಿದರೆ ವೇಗ ಅರ್ಧಕ್ಕಿಳಿಯುತ್ತದೆ. ಕ್ಯಾಸೆಟ್ಟನ್ನು ಮಗುಚಿ ಹಾಕಿದರೆ ಉಳಿದೆರಡು ಟ್ರ್ಯಾಕ್‌ಗಳು ಹಿಮ್ಮುಖವಾಗಿ ಕೇಳಿಸುತ್ತವೆ. ಪ್ರಯೋಗಪ್ರಿಯರಿಗೆ ಇದು ದೋಷವಾಗಿರದೆ ಮತ್ತೊಂದು ಸಾಧನವೇ ಆಯಿತು. 2000ದಲ್ಲಿ ಬಿಡುಗಡೆಯಾದ ಆಡಾಸಿಟಿಯಂಥ ಉಚಿತ ತಂತ್ರಾಂಶಗಳಿಂದ ಟ್ರ್ಯಾಕ್‌ಗಳ ಮಿತಿ ಬಹುಮಟ್ಟಿಗೆ ಇಲ್ಲವಾಗಿದೆ.

ವಾದ್ಯಗಳು ಮತ್ತು ಉಪಕರಣಗಳು

ಈ ಸಂಗೀತದಲ್ಲಿ ವಾದ್ಯ ಯಾವುದಾದರೂ ಆಗಬಹುದು. 1965ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಎಎಮ್‌ಎಮ್ ತಂಡದ ಕೀತ್ ರೋ ಗಿಟಾರನ್ನು ಮೇಜಿನ ಮೇಲೆ ಮಲಗಿಸಿ, ಅದರ ತಂತಿಗಳ ಮೇಲೆ ನಾನಾ ವಸ್ತುಗಳನ್ನಿಟ್ಟು ನುಡಿಸಿದರು. ಇಂಗ್ಲೆಂಡಿನವರೇ ಆದ ಹ್ಯೂ ಡೇವಿಸ್ 1968ರಲ್ಲಿ ರೂಪಿಸಿದ 'ಶೋಜಿಗ್' ಎಂಬ ವಾದ್ಯ ಪುಸ್ತಕವೊಂದರ ರಟ್ಟಿನೊಳಗೆ ಅಡಗಿತ್ತು. ಗರಗಸದ ಅಲಗುಗಳು, ಸ್ಪ್ರಿಂಗು ಮುಂತಾದವನ್ನು ಅದರಲ್ಲಿ ಕೂರಿಸಿ, ಬೆರಳಿನಿಂದ ಮುಟ್ಟಿ ಹುಟ್ಟುವ ಸಣ್ಣ ಸದ್ದನ್ನು ಹಿಗ್ಗಿಸಲಾಗುತ್ತಿತ್ತು. ಆ ಪುಸ್ತಕ ವಿಶ್ವಕೋಶದ ಕೊನೆಯ ಸಂಪುಟ. ಬೆನ್ನಿನ ಮೇಲಿದ್ದ 'ಶೋ'ದಿಂದ 'ಜಿಗ್'ವರೆಗೆ ಎಂಬ ಅಕ್ಷರಸೂಚಿಯೇ ವಾದ್ಯದ ಹೆಸರಾಯಿತು.

ಇಂಥ ಸಣ್ಣ ಸದ್ದುಗಳಿಗೆ ಮನೆಯಲ್ಲಿ ಹೆಚ್ಚಾಗಿ ಬಳಸುವುದು ಸ್ಪರ್ಶ ಮೈಕ್. ಬಜರ್‌ಗಳಲ್ಲಿ ಇರುವಂಥ ಪೀಜೋ ಬಿಲ್ಲೆಗೆ ತಂತಿ ಬೆಸೆದರೆ ಅದು ಸಿದ್ಧ. ಅದು ಗಾಳಿಯಲ್ಲಿನ ಶಬ್ದವನ್ನು ಹೆಚ್ಚಾಗಿ ಗ್ರಹಿಸದೆ, ತಾನು ಅಂಟಿಕೊಂಡ ವಸ್ತುವಿನ ಕಂಪನವನ್ನು ಗ್ರಹಿಸುತ್ತದೆ. ಹೀಗಾಗಿ ಸ್ಟೀಲ್ ತಟ್ಟೆ, ಬಾಗಿಲು, ಕಿಟಕಿಯ ಸರಳು, ಮಂಚದ ಕಾಲು ಎಲ್ಲವೂ ಮಾತನಾಡತೊಡಗುತ್ತವೆ. ಆರಂಭಿಕರು ಎಡವುವುದು ಜೋಡಣೆಯಲ್ಲಿ. ಬಿಲ್ಲೆಯ ಧಾರಕತೆ ಸುಮಾರು 20 ನ್ಯಾನೋಫ್ಯಾರಡ್ ಎಂದುಕೊಂಡರೆ, 10 ಕಿಲೋಓಮ್ ತಡೆಯ ಲೈನ್ ಇನ್‌ಪುಟ್ಟಿಗೆ ನೇರವಾಗಿ ಜೋಡಿಸಿದಾಗ 800 ಹರ್ಟ್ಜ್‌ಗಿಂತ ಕೆಳಗಿನ ನಾದವೆಲ್ಲ ಕ್ಷೀಣಿಸಿ ಶಬ್ದ ತಗಡಿನಂತೆ ಕೇಳುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆಂದು ಇರುವ 1 ಮೆಗಾಓಮ್ ಇನ್‌ಪುಟ್ಟಿನಲ್ಲಿ ಆ ಮಿತಿ 8 ಹರ್ಟ್ಜ್‌ಗೆ ಇಳಿಯುವುದರಿಂದ ಮಂದ್ರವೂ ಉಳಿಯುತ್ತದೆ. ಬಿಲ್ಲೆಯನ್ನು ಮನೆಯ ವಿದ್ಯುತ್ ಉಪಕರಣಗಳ ಒಳಭಾಗಕ್ಕೆ ಅಂಟಿಸುವುದು ಅಪಾಯಕಾರಿ.

ಜಪಾನಿನ ತೋಶಿಮಾರು ನಕಾಮುರಾ ಹೊರಗಿನ ಯಾವ ಶಬ್ದಮೂಲವೂ ಇಲ್ಲದೆ, ಮಿಕ್ಸರಿನ ಔಟ್‌ಪುಟ್ಟನ್ನು ಅದರ ಇನ್‌ಪುಟ್ಟಿಗೇ ಜೋಡಿಸಿ ನುಡಿಸುತ್ತಾರೆ. ಹಳೆಯ ಅಗ್ಗದ ಮಿಕ್ಸರಿನಲ್ಲಿಯೂ ಇದು ಸಾಧ್ಯ. ಶಬ್ದ ಒಮ್ಮೆಲೇ ಏರುವುದರಿಂದ ಹೆಡ್‌ಫೋನ್ ಹಾಕಿಕೊಂಡು ಇದನ್ನು ಆರಂಭಿಸಬಾರದು.

ಮುದ್ರಿಸಲು ಮೊಬೈಲ್ ಫೋನ್ ಸಾಲುತ್ತದೆ, ಒಂದು ಎಚ್ಚರಿಕೆಯೊಂದಿಗೆ. ಅನೇಕ ಫೋನುಗಳು ಮಾತು ಸ್ಪಷ್ಟವಾಗಲೆಂದು ಧ್ವನಿಮಟ್ಟವನ್ನು ತಾವೇ ಹೊಂದಿಸುತ್ತವೆ: ಸದ್ದು ಹೆಚ್ಚಾದರೆ ತಗ್ಗಿಸುತ್ತವೆ, ಮೌನ ಬಂದರೆ ಏರಿಸುತ್ತವೆ. ಆಗ ವಾದಕರು ಉದ್ದೇಶಪೂರ್ವಕವಾಗಿ ಬಿಟ್ಟ ಮೌನದಲ್ಲಿ ಕೋಣೆಯ ಗದ್ದಲ ಉಕ್ಕಿ ಬರುತ್ತದೆ. ಈ ಸೌಲಭ್ಯವನ್ನು ಆರಿಸಬಲ್ಲ ಆ್ಯಪ್ ಅಥವಾ ಸಣ್ಣ ಕೈರೆಕಾರ್ಡರ್ ಉತ್ತಮ. 24 ಬಿಟ್ ಮುದ್ರಣದಲ್ಲಿ ಅತಿ ಜೋರಾದ ಸದ್ದೂ ಗರಿಷ್ಠ ಮಟ್ಟಕ್ಕಿಂತ 12 ಡೆಸಿಬೆಲ್ ಕೆಳಗೆ ಉಳಿಯುವಂತೆ ಇಟ್ಟುಕೊಂಡರೆ, ಮುಂದೇನಾಗುವುದೋ ತಿಳಿಯದ ಆಶುವಾದನದಲ್ಲಿಯೂ ಶಬ್ದ ಒಡೆಯುವ ಭಯ ಕಡಿಮೆ. 44.1 ಕಿಲೋಹರ್ಟ್ಜ್‌ನ ಸ್ಟೀರಿಯೋ ಕಡತ ಈ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 950 ಮೆಗಾಬೈಟ್ ಜಾಗ ಹಿಡಿಯುತ್ತದೆ. ಭಾರತದ ಮನೆಗಳಲ್ಲಿ 50 ಹರ್ಟ್ಜ್‌ನ ವಿದ್ಯುತ್ ಗುಂಯ್‌ಕಾರವೂ ಫ್ಯಾನಿನ ಗಾಳಿಯೂ ಮುದ್ರಣದೊಳಗೆ ನುಸುಳುವುದು ಸಾಮಾನ್ಯ. ಫ್ಯಾನನ್ನು ಆರಿಸಬಹುದು, ಗುಂಯ್‌ಕಾರವನ್ನು ಕೆಲವರು ಶ್ರುತಿಯಾಗಿಯೇ ಬಳಸಿಕೊಳ್ಳುತ್ತಾರೆ.

ಮುದ್ರಣದ ಬಗೆಗಿನ ವಾದ

ಆಶುಸಂಗೀತವನ್ನು ಮುದ್ರಿಸುವುದೇ ಸರಿಯೇ ಎಂಬ ಪ್ರಶ್ನೆ ಈ ಕ್ಷೇತ್ರದಲ್ಲಿ ಇನ್ನೂ ಜೀವಂತವಾಗಿದೆ. ಎಎಮ್‌ಎಮ್ ತಂಡದಲ್ಲಿ ನುಡಿಸಿದ್ದ ಸಂಯೋಜಕ ಕಾರ್ನೀಲಿಯಸ್ ಕಾರ್ಡ್ಯೂ 1971ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅಂಥ ಮುದ್ರಣಗಳನ್ನು ಮೂಲತಃ ಟೊಳ್ಳೆಂದು ಕರೆದರು. ಅವು ಸಂಗೀತ ತಳೆದ ಆಕಾರವನ್ನಷ್ಟೇ ಉಳಿಸುತ್ತವೆ, ಆ ಹೊತ್ತು ಮತ್ತು ಆ ಜಾಗದ ಅನುಭವವನ್ನು ಒಯ್ಯಲಾರವು ಎಂಬುದು ಅವರ ಆಕ್ಷೇಪ. ಸಭೆಯ ಮುಂದಿನ ವಾದನಕ್ಕೆ ಈ ಮಾತು ಬಹುಮಟ್ಟಿಗೆ ಒಪ್ಪುತ್ತದೆ. ಮನೆಯಲ್ಲಿ ಯಂತ್ರಕ್ಕೆಂದೇ ನುಡಿಸಿದಾಗ ಕಳೆದುಹೋಗಲು ಬೇರೊಂದು ಸಭೆಯೇ ಇರುವುದಿಲ್ಲ. ಆದರೆ ಮತ್ತೆ ಮತ್ತೆ ನುಡಿಸಿ ಒಳ್ಳೆಯದನ್ನು ಮಾತ್ರ ಉಳಿಸಿಕೊಳ್ಳುವ ಆಸೆ ಅಲ್ಲಿಯೇ ಹೆಚ್ಚು, ಆಗ ಆಶುತ್ವವೇ ಸವೆಯುತ್ತದೆ. ಆದ್ದರಿಂದ ಕೆಲವರು ಒಂದೇ ಸಲ ನುಡಿಸಿ, ಕತ್ತರಿ ಹಾಕದೆ ಇಡುತ್ತಾರೆ. ಇನ್ನು ಕೆಲವರು ದೀರ್ಘ ಮುದ್ರಣದಿಂದ ತುಣುಕುಗಳನ್ನು ಆಯ್ದು ಜೋಡಿಸುತ್ತಾರೆ. ಎರಡನೆಯದು ರಚನೆಗೆ ಹತ್ತಿರವಾದದ್ದು, ಅದನ್ನು ಹಾಗೆಂದು ಹೇಳಿಕೊಳ್ಳುವುದೇ ಪ್ರಾಮಾಣಿಕ.

ಜಾಗವನ್ನು ಮುದ್ರಣ ಒಯ್ಯಲಾರದೆಂಬ ಮಾತಿಗೆ ಎದುರಾಗಿ ನಿಲ್ಲುವುದು ಆಲ್ವಿನ್ ಲೂಸಿಯರ್ 1969ರಲ್ಲಿ ರಚಿಸಿದ 'ಐ ಆ್ಯಮ್ ಸಿಟಿಂಗ್ ಇನ್ ಎ ರೂಮ್'. ಇದು ಆಶುಸಂಗೀತವಲ್ಲ; ಆದರೂ ಗೃಹ ಮುದ್ರಣಕಾರರಿಗೆ ಮಾದರಿಯಾಗಿದೆ. ಕೋಣೆಯಲ್ಲಿ ಮಾತೊಂದನ್ನು ಮುದ್ರಿಸಿ, ಅದನ್ನು ಅಲ್ಲಿಯೇ ನುಡಿಸಿ ಮತ್ತೆ ಮುದ್ರಿಸಿ, ಇದನ್ನೇ ಪುನರಾವರ್ತಿಸಲಾಗುತ್ತದೆ. 1980ರಲ್ಲಿ ಲೂಸಿಯರ್ ಅಮೆರಿಕದ ಮಿಡ್ಲ್‌ಟೌನಿನ ತಮ್ಮ ಮನೆಯ ಹಜಾರದಲ್ಲಿ ಮುದ್ರಿಸಿದ ರೂಪದಲ್ಲಿ ಮಾತು 32 ಆವೃತ್ತಿಗಳನ್ನು ದಾಟುತ್ತದೆ. ಪ್ರತಿ ಸಲವೂ ಕೋಣೆಗೆ ಸಹಜವಾದ ಕಂಪನಾಂಕಗಳು ಬಲಗೊಂಡು ಉಳಿದವು ಅಳಿಯುತ್ತವೆ. ಸುಮಾರು 45 ನಿಮಿಷಗಳ ಕೊನೆಗೆ ಪದಗಳೆಲ್ಲ ಕರಗಿ, ಆ ಕೋಣೆಯ ನಾದವಷ್ಟೇ ಕೇಳುತ್ತದೆ. ಒಂದು ಫೋನ್ ಮತ್ತು ಒಂದು ಸ್ಪೀಕರ್ ಇದ್ದರೆ ಯಾವ ಮನೆಯಲ್ಲಿಯೂ ಇದನ್ನು ಮಾಡಿ ನೋಡಬಹುದು. ಬರಿಯ ಗೋಡೆಗಳ ಖಾಲಿ ಕೋಣೆಯಲ್ಲಿ ಫಲ ಬೇಗ ಕಾಣುತ್ತದೆ. ಹಾಸಿಗೆ, ಪರದೆ, ಬಟ್ಟೆಗಳು ತುಂಬಿದ ಕೋಣೆಯಲ್ಲಿ ಮಾತು ಹೆಚ್ಚು ಹೊತ್ತು ಮಾತಾಗಿಯೇ ಉಳಿಯುತ್ತದೆ.