ಮನೆಯ ಸರ್ವರ್‌ಗೆ ರ‍್ಯಾಕ್ ಬೇಡ, ಅರ್ಥಿಂಗ್ ಬೇಕು

ನೆಟ್‌ವರ್ಕಿಂಗ್ ಕಲಿಯುವವರಿಗೆ ಮನೆಯಲ್ಲೇ ಸಣ್ಣದೊಂದು ಲ್ಯಾಬ್ ಮಾಡಿಕೊಳ್ಳಿ ಎಂದರೆ ಮೊದಲು ದುಡ್ಡಿನ ಮಾತು ಬರುತ್ತದೆ, ಆಮೇಲೆ ಕರೆಂಟ್ ಬಿಲ್ಲಿನದು, ಕೊನೆಗೆ ಹ್ಯಾಕರ್‌ಗಳದು. ಒಂದು ಕಾಲಕ್ಕೆ ಇವನ್ನೆಲ್ಲ ನಾವೂ ನಂಬಿದವರೇ. ಕೆಲವಕ್ಕೆ ಅರ್ಧ ಆಧಾರವಿದೆ, ಕೆಲವಕ್ಕೆ ಅದೂ ಇಲ್ಲ.

ರ‍್ಯಾಕಿನಲ್ಲಿ ಕೂರಿಸುವ ದೊಡ್ಡ ಯಂತ್ರವಿಲ್ಲದೆ ಲ್ಯಾಬ್ ಆಗುವುದಿಲ್ಲ ಎಂಬ ನಂಬಿಕೆ

ವಾಸ್ತವ: ಬೇರೆ ಯಂತ್ರಗಳು ಕೇಳಿದ್ದನ್ನು ಒದಗಿಸುವ ಯಾವ ಕಂಪ್ಯೂಟರಾದರೂ ಸರ್ವರೇ. ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಹಳೆಯ ಡೆಸ್ಕ್‌ಟಾಪ್‌ಗಳನ್ನು ಸಗಟಾಗಿ ಮಾರಿಬಿಡುತ್ತವೆ. ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ ಮೊದಲಾದ ಪುಟ್ಟ ಪೆಟ್ಟಿಗೆಗಳು ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಹೊಸದರ ಬೆಲೆಯ ಒಂದು ಭಾಗಕ್ಕೆ ಸಿಗುತ್ತವೆ. ನಾಲ್ಕು ಕೋರ್, 16 ಜಿಬಿ ರ‍್ಯಾಮ್ ಇದ್ದರೆ ಧಾರಾಳವಾಯಿತು. ಅದರ ಮೇಲೆ, ಒಂದೇ ಯಂತ್ರದಲ್ಲಿ ಹಲವು ಕಲ್ಪಿತ ಯಂತ್ರಗಳನ್ನು ಓಡಿಸುವ ಪ್ರಾಕ್ಸ್‌ಮಾಕ್ಸ್ ಹಾಕಿಕೊಳ್ಳಬಹುದು, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಅದರ ಬೆನ್ನೆಲುಬಾದ ಕೆವಿಎಂ 2007ರಿಂದಲೂ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಪಠ್ಯದ ಪರದೆಯಲ್ಲೇ ಕೆಲಸ ಮಾಡುವ ಲಿನಕ್ಸ್ ರೂಟರ್ ಒಂದಕ್ಕೆ ಅರ್ಧ ಜಿಬಿ ಸಾಕು. ಆರೇಳು ರೂಟರ್‌ಗಳ ಜಾಲ ಒಂದೇ ಡಬ್ಬಿಯೊಳಗೆ ಎದ್ದು ನಿಲ್ಲುತ್ತದೆ.

ಅಷ್ಟೂ ಇಲ್ಲವೆ? ಪರದೆ ಒಡೆದ ಹಳೆಯ ಲ್ಯಾಪ್‌ಟಾಪ್ ಇದ್ದರೂ ನಡೆಯುತ್ತದೆ. ಲಿನಕ್ಸಿನ ನೆಟ್‌ವರ್ಕ್ ನೇಮ್‌ಸ್ಪೇಸ್‌ಗಳು 4 ಜಿಬಿ ರ‍್ಯಾಮಿನಲ್ಲೂ ಹತ್ತಾರು ಕಲ್ಪಿತ ಯಂತ್ರಗಳನ್ನು ಸೃಷ್ಟಿಸುತ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದುಡ್ಡು ಕೊಡುವ ಮುಂಚೆ ಎರಡು ವಿಷಯ ನೋಡಿಕೊಳ್ಳಬೇಕು: ಬಯಾಸ್‌ಗೆ ಹಳೆಯ ಕಂಪನಿಯ ಪಾಸ್‌ವರ್ಡ್ ಉಳಿದಿದೆಯೇ, ಡಿಸ್ಕ್ ಎಷ್ಟು ಗಂಟೆ ಓಡಿದೆ. ಹಳೆಯ ಯಂತ್ರದ ಜೊತೆ ಹಳೆಯ ವೈರಸ್ಸೂ ಬರುತ್ತದೆ ಎಂದು ಹೆದರುವವರು ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಲಿನಕ್ಸ್ ಹಾಕಿಕೊಳ್ಳಲಿ.

ಹಗಲೂ ರಾತ್ರಿ ಸರ್ವರ್ ಓಡಿದರೆ ಬಿಲ್ಲು ಕೈಸುಡುತ್ತದೆ ಎಂಬ ನಂಬಿಕೆ

ವಾಸ್ತವ: ಯಾವ ಯಂತ್ರ ಎಂಬುದರ ಮೇಲಿದೆ. ಹಳೆಯ ರ‍್ಯಾಕ್ ಸರ್ವರ್ ಸುಮ್ಮನೆ ಕೂತಾಗಲೂ 100 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ. ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ಮಿನಿ ಪಿಸಿ ಕೆಲಸವಿಲ್ಲದಾಗ ಎಳೆಯುವುದು 10ರಿಂದ 15 ವ್ಯಾಟ್. ತಿಂಗಳಿಗೆ 11 ಯೂನಿಟ್ ಒಳಗೆ. ಕರ್ನಾಟಕದಲ್ಲಿ ಈ ವ್ಯತ್ಯಾಸಕ್ಕೆ ಇನ್ನೊಂದು ಮುಖವಿದೆ. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಇಡೀ ಬಿಲ್ ನಮ್ಮದೇ. 150ರ ಆಸುಪಾಸಿನಲ್ಲಿರುವ ಮನೆಯನ್ನು 72 ಯೂನಿಟ್ ಗೆರೆ ದಾಟಿಸುತ್ತದೆ, 11 ದಾಟಿಸುವುದಿಲ್ಲ. 200ರೊಳಗಿದ್ದರೂ ಪ್ರತಿ ಮನೆಗೆ ಹಿಂದಿನ ಬಳಕೆಯ ಮೇಲೆ ಲೆಕ್ಕ ಹಾಕಿದ ಉಚಿತ ಮಿತಿಯೊಂದಿದೆ. ಮೀರಿದ ಯೂನಿಟ್‌ಗಳಿಗೆ ದುಡ್ಡು ಕಟ್ಟಬೇಕು. ಅಂದರೆ ಬಿಲ್ಲಿನ ಬಗ್ಗೆ ಮನೆಯವರ ತಕರಾರು ಪೂರ್ತಿ ಸುಳ್ಳೇನಲ್ಲ. ಆದರೆ ಕಲಿಯುವ ಲ್ಯಾಬನ್ನು ರಾತ್ರಿ ಆರಿಸಿ ಮಲಗಿದರೆ ಯಾರೂ ಬೇಡ ಎನ್ನುವುದಿಲ್ಲ.

ಸದಾ ಆನ್ ಇದ್ದರೆ ಕಂಪ್ಯೂಟರ್ ಬೇಗ ಹಾಳಾಗುತ್ತದೆ ಎಂಬ ನಂಬಿಕೆ

ವಾಸ್ತವ: ಹಾಳು ಮಾಡುವುದು ಹೆಚ್ಚಾಗಿ ದೂಳು, ಸೆಕೆ ಮತ್ತು ಹೇಳದೆ ಹೋಗುವ ಕರೆಂಟು. ಬರೆಯುತ್ತಿರುವಾಗಲೇ ವಿದ್ಯುತ್ ಕಡಿದರೆ ಡಿಸ್ಕಿನ ಕಡತಗಳು ಕೆಡಬಹುದು. ಮನೆಯಲ್ಲಿ ಇನ್ವರ್ಟರ್ ಇದ್ದು ಅದರಲ್ಲಿ ಯುಪಿಎಸ್ ಮೋಡ್ ಇದ್ದರೆ ಅದಕ್ಕೆ ಹಾಕಿಕೊಳ್ಳಿ, ಕರೆಂಟು ಹೋದಾಗ ಬ್ಯಾಟರಿಗೆ ಬದಲಾವಣೆ ಬೇಗ ಆಗುತ್ತದೆ. ಆಯುಧಪೂಜೆಗೆ ಕುಂಕುಮ ಹಚ್ಚುವುದಕ್ಕೆ ನಮ್ಮ ಅಡ್ಡಿಯಿಲ್ಲ. ಗಾಳಿ ಆಡುವ ಜಾಲರಿಯೊಂದನ್ನು ಬಿಟ್ಟು ಬೇರೆ ಕಡೆ ಹಚ್ಚಿ.

ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎನ್ನುವುದು ಮಾಮೂಲು, ಕೆಲವರ ಮೈಯಲ್ಲೇ ಕರೆಂಟು ಜಾಸ್ತಿ ಎಂಬ ನಂಬಿಕೆ

ವಾಸ್ತವ: ಮೈಯಲ್ಲಿ ಏನೂ ಇಲ್ಲ, ಗೋಡೆಯಲ್ಲಿ ಅರ್ಥಿಂಗ್ ಇಲ್ಲ. ಪವರ್ ಸಪ್ಲೈ ಒಳಗೆ ಗದ್ದಲ ಸೋಸಲೆಂದು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಪೆಟ್ಟಿಗೆಗೆ ಸಣ್ಣ ಕೆಪಾಸಿಟರ್‌ಗಳನ್ನು ಜೋಡಿಸಿರುತ್ತಾರೆ. ಅರ್ಥ್ ಇದ್ದರೆ ಆ ಸೋರಿಕೆ ನೆಲಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಪೆಟ್ಟಿಗೆ 230 ವೋಲ್ಟಿನ ಅರ್ಧದ ಸುಮಾರಿಗೆ ತೇಲುತ್ತಿರುತ್ತದೆ. ಹರಿಯುವ ವಿದ್ಯುತ್ ತೀರಾ ಕಡಿಮೆಯಾದ್ದರಿಂದ ಬರೀ ಜುಮ್ ಎನ್ನುತ್ತದೆ. ಆದರೆ ಒಳಗೆ ನಿಜವಾಗಿ ವೈರ್ ತಾಗಿಕೊಂಡ ದಿನ ಅದೇ ಪೆಟ್ಟಿಗೆ ಜೀವ ತೆಗೆಯಬಲ್ಲದು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಅಗ್ಗದ ಅಡಾಪ್ಟರನ್ನು ಮೊದಲು ಎಸೆಯಿರಿ. ಆಮೇಲೂ ಜುಮ್ ಎಂದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಲ್ಯಾಬಿಗೆ ಖರ್ಚು ಮಾಡುವ ಮೊದಲ ರೂಪಾಯಿ ಇಲ್ಲಿಗೇ ಹೋಗಲಿ.

ಎರಡೂ ತುದಿ ಒಂದೇ ಥರ ಇದ್ದರೆ ಸಾಕು, ಲ್ಯಾನ್ ಕೇಬಲ್ಲಿನ ಬಣ್ಣದ ಕ್ರಮ ಹೇಗಿದ್ದರೂ ನಡೆಯುತ್ತದೆ ಎಂಬ ನಂಬಿಕೆ

ವಾಸ್ತವ: ಅತಿ ಹೆಚ್ಚು ಗೋಳು ಕೊಡುವ ನಂಬಿಕೆ ಇದು, ಯಾಕೆಂದರೆ ಟೆಸ್ಟರ್ ಕೂಡ ಇದರ ಪರವಾಗಿ ಸಾಕ್ಷಿ ಹೇಳುತ್ತದೆ. ಕೇಬಲ್ಲಿನ ಎಂಟು ತಂತಿಗಳು ನಾಲ್ಕು ಜೋಡಿಯಾಗಿ ಹೆಣೆದುಕೊಂಡಿರುತ್ತವೆ. ಒಂದು ಸಂಕೇತದ ಎರಡೂ ತಂತಿ ಒಂದೇ ಹೆಣಿಗೆಯಲ್ಲಿದ್ದಾಗ ಮಾತ್ರ ಪಕ್ಕದ ಜೋಡಿಯ ಗದ್ದಲ ವಜಾ ಆಗುತ್ತದೆ. ಕನೆಕ್ಟರ್ ಜೋಡಿ ಎಂದು ಎಣಿಸುವುದು 1-2, 3-6, 4-5, 7-8 ಪಿನ್‌ಗಳನ್ನು. ಆ 3-6 ಅಕ್ಕಪಕ್ಕದಲ್ಲಿಲ್ಲ ಎಂಬುದೇ ಇಲ್ಲಿನ ತಂಟೆ. ಅದಕ್ಕೇ ಚಾಲ್ತಿಯಲ್ಲಿರುವ ಕ್ರಮ ವಿಚಿತ್ರವಾಗಿ ಕಾಣುತ್ತದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿಯನ್ನು ನಡುವೆ ಬಿಟ್ಟುಕೊಂಡು ಆಚೀಚೆ ನಿಲ್ಲುತ್ತದೆ.

ಚೆಂದಕ್ಕೆಂದು ಕಿತ್ತಳೆ, ಹಸಿರು, ನೀಲಿ, ಕಂದು ಜೋಡಿಗಳನ್ನು ಸಾಲಾಗಿ ಕೂರಿಸಿ ಕ್ರಿಂಪ್ ಮಾಡಿದರೆ 3-6ರ ಸಂಕೇತದ ಒಂದು ತಂತಿ ಹಸಿರು ಹೆಣಿಗೆಗೂ ಇನ್ನೊಂದು ನೀಲಿ ಹೆಣಿಗೆಗೂ ಸೇರುತ್ತದೆ. ಟೆಸ್ಟರಿನಲ್ಲಿ 1ರಿಂದ 8ರವರೆಗೆ ದೀಪಗಳು ಸರದಿಯಂತೆ ಹತ್ತುತ್ತವೆ, ಯಾಕೆಂದರೆ ಅದು ನೋಡುವುದು ತಂತಿ ತುದಿ ಮುಟ್ಟಿದೆಯೇ ಎಂದಷ್ಟೇ. ಮೇಜಿನ ಮೇಲೆ ಒಂದು ಮೀಟರ್ ಕೇಬಲ್ ಓಡಿಯೂ ಬಿಡುತ್ತದೆ. ಮಹಡಿಗೆ ಎಳೆದಾಗ ಪ್ಯಾಕೆಟ್‌ಗಳು ಕಳೆಯುತ್ತವೆ, ನಾವು ಸ್ವಿಚ್ಚನ್ನು ಬೈಯುತ್ತೇವೆ.

ಲ್ಯಾಬಿನಲ್ಲಿ ಇನ್ನೊಂದು ಪ್ರಯೋಗ ಮಾಡಿ. ಕಂದು ಜೋಡಿಯನ್ನು ಬೇಕೆಂದೇ ಹೊರಗೆ ಬಿಟ್ಟು ಕ್ರಿಂಪ್ ಮಾಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್‌ಗೆ ಎರಡು ಸಾಕು. ಲಿಂಕ್ ಸಾಮಾನ್ಯವಾಗಿ 100ಕ್ಕೆ ಇಳಿಯುತ್ತದೆ, ಕೆಲವೊಮ್ಮೆ ಏಳುವುದೇ ಇಲ್ಲ. 200ರ ಪ್ಲಾನ್ ಹಾಕಿಸಿಯೂ ಸ್ಪೀಡ್ ಟೆಸ್ಟ್ 94ರ ಹತ್ತಿರ ಹಟ ಹಿಡಿದು ನಿಂತಿದ್ದರೆ ಕಂಪನಿಗೆ ಫೋನ್ ಮಾಡುವ ಮುಂಚೆ ಕನೆಕ್ಟರನ್ನು ಬೆಳಕಿಗೆ ಹಿಡಿದು ತಂತಿ ಎಣಿಸಿ. ತಂತಿ ಸರಿಯಿದ್ದರೆ ರೂಟರಿನ ಪೋರ್ಟೇ 100ರದ್ದಿರಬಹುದು.

ಸಿಸ್ಕೋ ಡಬ್ಬಿಗಳನ್ನು ಕೊಳ್ಳದೆ ಸಿಸಿಎನ್‌ಎ ಆಗುವುದಿಲ್ಲ ಎಂಬ ನಂಬಿಕೆ

ವಾಸ್ತವ: ಸಿಸ್ಕೋದ್ದೇ ಪ್ಯಾಕೆಟ್ ಟ್ರೇಸರ್ ಅವರ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಉಚಿತವಾಗಿ ಸಿಗುತ್ತದೆ. ಒಎಸ್‌ಪಿಎಫ್, ಬಿಜಿಪಿಗಳನ್ನು ಎಫ್‌ಆರ್‌ಆರ್ ಎಂಬ ರೂಟಿಂಗ್ ತಂತ್ರಾಂಶದಲ್ಲಿ ಓಡಿಸಬಹುದು, ಅದರ ಆದೇಶಗಳೂ ಬಹುಮಟ್ಟಿಗೆ ಸಿಸ್ಕೋ ಧಾಟಿಯವೇ. ನಿಜವಾದ ಯಂತ್ರ ಒಂದಾದರೂ ಬೇಕೆಂದರೆ ವಿಲ್ಯಾನ್ ಬಲ್ಲ ಎಂಟು ಪೋರ್ಟಿನ ಸಣ್ಣ ಸ್ವಿಚ್ ತೆಗೆದುಕೊಳ್ಳಿ.

192.168ರಿಂದ ಶುರುವಾಗುವ ನಮ್ಮ ಐಪಿ ಯಾರಿಗಾದರೂ ತಿಳಿದರೆ ಮನೆಗೇ ನುಗ್ಗುತ್ತಾರೆ ಎಂಬ ನಂಬಿಕೆ

ವಾಸ್ತವ: ಆ ವಿಳಾಸ ಲಕ್ಷಾಂತರ ಮನೆಗಳಲ್ಲಿದೆ. 1996ರ ಆರ್‌ಎಫ್‌ಸಿ 1918 ಅದನ್ನು ಒಳಜಾಲಗಳಿಗೆಂದೇ ಮೀಸಲಿಟ್ಟಿತು. ಹೊರಗಿನ ಇಂಟರ್‌ನೆಟ್‌ನಲ್ಲಿ ಅದಕ್ಕೆ ದಾರಿಯೇ ಇಲ್ಲ. ಸ್ಕ್ರೀನ್‌ಶಾಟಿನಲ್ಲಿ ಅದಕ್ಕೆ ಮಸಿ ಬಳಿಯುವವರೇ ಕ್ಯಾಮೆರಾದ ಪಾಸ್‌ವರ್ಡನ್ನು ಅಡ್ಮಿನ್ ಎಂದೇ ಬಿಟ್ಟಿರುತ್ತಾರೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕ್ಯಾಮೆರಾ, ಡಿವಿಆರ್‌ಗಳನ್ನು ರಾಶಿ ರಾಶಿ ವಶಪಡಿಸಿಕೊಂಡದ್ದು ಕಾರ್ಖಾನೆಯಿಂದ ಬಂದ ಇಂಥ ಪಾಸ್‌ವರ್ಡ್‌ಗಳಿಂದಲೇ. ಭಯ ಇರಲಿ, ಅದು ರೂಟರಿನಲ್ಲಿ ನಾವೇ ತೆರೆದ ಪೋರ್ಟುಗಳ ಬಗ್ಗೆ ಇರಲಿ.

ಹೊರಗಿನಿಂದ ಲ್ಯಾಬ್ ತಲುಪಲು ಸ್ಟ್ಯಾಟಿಕ್ ಐಪಿ ಕೊಳ್ಳಲೇಬೇಕು ಎಂಬ ನಂಬಿಕೆ

ವಾಸ್ತವ: ರೂಟರಿನ ಹೊರಮುಖದ ಐಪಿ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಮನೆಗಳ ಜೊತೆ ಹಂಚಿಕೊಂಡಿದ್ದೀರಿ; ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನವರು ಬಾಗಿಲಿಗೆ ಬರಲಾರರು. ಇದಕ್ಕೆ ದಾರಿಗಳಿವೆ. ಲೈನಿನಲ್ಲಿ ಐಪಿವಿ6 ಇದ್ದರೆ ಅದು ಒಂದು. ಇಲ್ಲವಾದರೆ ಹೊರಗೊಂದು ಅಗ್ಗದ ಬಾಡಿಗೆ ಸರ್ವರ್ ಹಿಡಿದು, ಮನೆಯಿಂದಲೇ ಅದಕ್ಕೆ ವೈರ್‌ಗಾರ್ಡ್ ಎಂಬ ವಿಪಿಎನ್‌ನ ಸುರಂಗ ಕಟ್ಟಬಹುದು. ವೈರ್‌ಗಾರ್ಡ್ 2020ರಿಂದ ಲಿನಕ್ಸ್ ಕರ್ನಲ್‌ನೊಳಗೇ ಇದೆ. ಈ ಸುರಂಗ ಕಟ್ಟುವಷ್ಟರಲ್ಲಿ ರೂಟಿಂಗ್, ನ್ಯಾಟ್, ಫೈರ್‌ವಾಲ್ ಮೂರೂ ಒಟ್ಟಿಗೆ ಕೈಗೆ ಹತ್ತುತ್ತವೆ. ಸ್ಟ್ಯಾಟಿಕ್ ಐಪಿ ಕೊಂಡಿದ್ದರೆ ಈ ಪಾಠ ತಪ್ಪುತ್ತಿತ್ತು.

ಪಿಂಗ್‌ಗೆ ಉತ್ತರ ಬರಲಿಲ್ಲವೆಂದರೆ ಯಂತ್ರ ಸತ್ತಿದೆ ಎಂಬ ನಂಬಿಕೆ

ವಾಸ್ತವ: ವಿಂಡೋಸ್ ಫೈರ್‌ವಾಲ್ ಸಾಮಾನ್ಯವಾಗಿ ಪಿಂಗನ್ನು ಸದ್ದಿಲ್ಲದೆ ನುಂಗುತ್ತದೆ. ಎರಡೂ ಯಂತ್ರ ಒಂದೇ ಸಬ್‌ನೆಟ್‌ನಲ್ಲಿದ್ದರೆ ಹೋಗಿಬರುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿಟ್ಟು ಮತ್ತೊಮ್ಮೆ ಪಿಂಗ್ ಮಾಡಿ. ಪಿಂಗ್ ಹೊರಡುವ ಮುಂಚೆ ನಮ್ಮ ಯಂತ್ರ, ಈ ಐಪಿ ಯಾರದು ಎಂದು ಎಆರ್‌ಪಿಯಲ್ಲಿ ಕೂಗಿ ಕೇಳುತ್ತದೆ. ಅದಕ್ಕೆ ಮ್ಯಾಕ್ ವಿಳಾಸದೊಂದಿಗೆ ಮರುದನಿ ಬಂದರೆ ಆಚೆಯ ಯಂತ್ರ ಬದುಕಿದೆ, ಕೇಬಲ್ಲೂ ಸರಿಯಿದೆ. ಹುಡುಕಬೇಕಾದದ್ದು ಅದರ ಫೈರ್‌ವಾಲ್ ನಿಯಮ. ಮರುದನಿಯೂ ಇಲ್ಲವೆಂದರೆ ಎದ್ದು ಹೋಗಿ ಪ್ಲಗ್ ನೋಡಿ.